ಕಾರ್ಗಿಲ್ ಪತ್ರಗಳನ್ನು ನಾವು ಅಚ್ಚು ಹಾಕಿದ ಬಗೆ

1999ರ ಜೂನ್. ಮಡಿಕೇರಿಯಲ್ಲಿ ಮಳೆ ಹಿಡಿದಿತ್ತು. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿರಲಿಲ್ಲ. ನಮ್ಮ ಪತ್ರಿಕೆಗೆ ಇದ್ದದ್ದು ನಾಲ್ಕೇ ಪುಟ. ಆದರೂ ಕಾರ್ಗಿಲ್ ನಮಗೆ ದೂರದ ಸುದ್ದಿ ಆಗಿರಲಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಅಲ್ವಾ, ಯಾವ ಊರಿಗೆ ಹೋದರೂ ಸೈನ್ಯದಲ್ಲಿ ಮಗ ಇರುವ ಮನೆ ಸಿಗುತ್ತಿತ್ತು.

ಒಂದು ದಿನ ಒಬ್ಬ ತಾಯಿ ಇನ್‌ಲ್ಯಾಂಡ್ ಲೆಟರ್ ಹಿಡಿದುಕೊಂಡು ಕಚೇರಿಗೆ ಬಂದರು. "ಮಗ ಬರೆದದ್ದು ಸಾರ್. ಪೇಪರ್‌ನಲ್ಲಿ ಹಾಕ್ತೀರಾ?" ಎಂದರು. ಖುಷಿಯಿಂದ ಹಾಕಿದೆ.

ಮಾರನೇ ದಿನ ನಿವೃತ್ತ ಸುಬೇದಾರರೊಬ್ಬರು ಬಂದು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. ಹುಡುಗ ತನ್ನ ತುಕಡಿಯ ಹೆಸರನ್ನೂ ತಾನಿರುವ ಜಾಗವನ್ನೂ ಬರೆದಿದ್ದ. "ವಿಳಾಸದಲ್ಲಿ ಊರಿನ ಹೆಸರಿನ ಬದಲು 56 ಎಪಿಓ (ಸೈನ್ಯದ ಅಂಚೆ ಕಚೇರಿ) ಅಂತ ಯಾಕೆ ಇರುತ್ತೆ? ಎಲ್ಲಿದ್ದಾರೆ ಅಂತ ಗೊತ್ತಾಗಬಾರದು ಅಂತ. ನೀವು ಅದನ್ನೇ ಊರಿಗೆಲ್ಲ ಹೇಳಿದಿರಿ" ಎಂದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆಳಗಾದ ಮೇಲೆ ಅವರ ಮನೆಗೇ ಹೋಗಿ ಸಹಾಯ ಕೇಳಿದೆ. ಆಮೇಲೆ ದಿನಾ ಸಂಜೆ ಬರುತ್ತಿದ್ದರು. ಬಂದ ಪತ್ರಗಳನ್ನು ನಾನು ಕೈಯಲ್ಲಿ ನಕಲು ಮಾಡುತ್ತಿದ್ದೆ. ಅವರು ನಕಲಿನಲ್ಲಿ ತುಕಡಿ, ಜಾಗ, ಅಧಿಕಾರಿಯ ಹೆಸರು, ಆಯುಧ ಎಲ್ಲಕ್ಕೂ ಕೆಂಪು ಗೆರೆ ಎಳೆಯುತ್ತಿದ್ದರು. ಮೂಲಕ್ಕೆ ಪೆನ್ನು ತಾಗಿಸುತ್ತಿರಲಿಲ್ಲ, ಅದು ಮನೆಯವರ ಸ್ವತ್ತು. ಇಷ್ಟು ಹೊಡೆದ ಮೇಲೆ ಚಳಿ, ಊಟ, ಜೊತೆಗಾರರ ಮಾತು, "ಗದ್ದೆ ಉಳುಮೆ ಶುರುವಾಯ್ತಾ?" ಎಂಬ ಪ್ರಶ್ನೆ ಉಳಿಯುತ್ತಿದ್ದವು. ಜನ ಓದುತ್ತಿದ್ದುದೂ ಅದನ್ನೇ.

ಇನ್ನೊಂದು ಕಷ್ಟ ತಾರೀಖಿನದು. ಜೂನ್ 13ಕ್ಕೆ ಕಾರ್ಗಿಲ್‌ನ ತೋಲೋಲಿಂಗ್ ಶಿಖರ ನಮ್ಮ ಸೈನ್ಯದ ಕೈಗೆ ಬಂತು. ಅದಕ್ಕೂ ಮೊದಲು ಬರೆದ ಪತ್ರಗಳು ಆಮೇಲೂ ಬರುತ್ತಿದ್ದವು. "ಕ್ಷೇಮವಾಗಿದ್ದೇನೆ" ಎಂಬ ಮಾತು ಬರೆದ ದಿನಕ್ಕೆ ನಿಜ, ಅಚ್ಚಾದ ದಿನಕ್ಕೆ ಹೌದೋ ಅಲ್ಲವೋ. ಅದಕ್ಕೇ ಬರೆದ ತಾರೀಖನ್ನು ದಪ್ಪ ಅಕ್ಷರದಲ್ಲಿ ಮೇಲೆ ಹಾಕಿದೆ. ಪುಟ ಕಟ್ಟುವ ಮೊದಲು ಮನೆಗೆ ಫೋನ್ ಮಾಡುತ್ತಿದ್ದೆವು. ಲೈನ್ ಇಲ್ಲದಿದ್ದರೆ ಪೇಪರ್ ಹಾಕುವ ಹುಡುಗ ಹೋಗಿ ವಿಚಾರಿಸಿ ಬರುತ್ತಿದ್ದ. ಸಾವಿನ ಸುದ್ದಿ ಕಿವಿಗೆ ಬಿದ್ದರೂ, ಸೈನ್ಯದವರು ಮನೆಗೆ ತಿಳಿಸುವ ತನಕ ಹಾಕುತ್ತಿರಲಿಲ್ಲ. ಬೇರೆಯವರು ಮೊದಲು ಹಾಕಿದರೂ ಸರಿ.

ಬರೆಯಲು ಬಾರದ ಅಜ್ಜಿಯರಿಗೆ ಕಚೇರಿಯಲ್ಲೇ ಉತ್ತರ ಬರೆದುಕೊಡುತ್ತಿದ್ದೆ. ಜುಲೈ 26ಕ್ಕೆ ಯುದ್ಧ ಮುಗಿಯಿತು. ಅಜ್ಜಿಯರು ಆಮೇಲೂ ಬಂದರು. "ರಜೆ ಯಾವಾಗ ಅಂತ ಕೇಳಿ ಬರೀರಿ ಸಾರ್" ಎನ್ನುತ್ತಿದ್ದರು.