ಚಿಗರಿ ಎಣಿಸಲು ಹೊರಟವರು ಹುಲ್ಲನ್ನೂ ಓದಬೇಕು

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿದಾಗ ಜೊತೆಯವರು ಪಶ್ಚಿಮ ಘಟ್ಟದತ್ತ ಮುಖ ಮಾಡಿದರು. ನಾನು ರಾಣೆಬೆನ್ನೂರಿನ ಬಯಲನ್ನು ಆರಿಸಿಕೊಂಡೆ. ಹುಲ್ಲುಗಾವಲನ್ನು ಕಾಗದದ ಮೇಲೆ ಬಂಜರು ಎಂದು ಬರೆದುಬಿಡುವುದು ಆಗಲೂ ನನಗೆ ಸಿಟ್ಟು ತರಿಸುತ್ತಿತ್ತು, ಈಗಲೂ ತರಿಸುತ್ತದೆ.

ಇಲ್ಲಿನ 119 ಚದರ ಕಿಲೋಮೀಟರ್ ನೆಲ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಕೃಷ್ಣಮೃಗವೆಂದರೆ ನಮ್ಮ ಕಡೆಯ ಚಿಗರಿ. ವೈರಿಯನ್ನು ದೂರದಿಂದಲೇ ಕಂಡು, ಓಡಿ ಪಾರಾಗುವ ಪ್ರಾಣಿ ಅದು. ಅಂಥದ್ದರ ನೆಲದಲ್ಲಿ ನೀಲಗಿರಿ ಬೆಳೆದು ನಿಂತರೆ ತೋಳ ಹತ್ತಿರ ಬರುವುದೂ ಅದಕ್ಕೆ ಕಾಣದು. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಎರೆಭೂತ ಹಕ್ಕಿಯೂ ಹಿಂದೆ ಈ ಬಯಲಿನಲ್ಲಿತ್ತು. ಈಗ ಇಲ್ಲ.

ಬದಲಾವಣೆ ಅಳೆಯುವುದು ತಾಳ್ಮೆಯ ಕೆಲಸ. ಬೆಳಕು ಹರಿಯುವಾಗ ಗುರುತಿಟ್ಟ ಗೆರೆಯ ಮೇಲೆ ನಡೆಯುತ್ತೇನೆ. ಕಂಡ ಹಿಂಡಿನ ಸಂಖ್ಯೆಯ ಜೊತೆಗೆ, ಅದು ಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಬರೆದುಕೊಳ್ಳುತ್ತೇನೆ. ಈ ದೂರವೇ ಮುಖ್ಯ. ಬಯಲಿನಲ್ಲಿ ಬಹು ದೂರದ ಚಿಗರಿಯೂ ಕಾಣುತ್ತದೆ. ನೀಲಗಿರಿ ತೋಪಿನಲ್ಲಿ ಹತ್ತಿರದ್ದೂ ತಪ್ಪಿಹೋಗುತ್ತದೆ. ಬರೀ ಕಂಡದ್ದನ್ನು ಕೂಡಿಸಿದರೆ, ಮರ ಬೆಳೆದದ್ದಕ್ಕೆ ಲೆಕ್ಕ ಇಳಿಯಿತೋ ಚಿಗರಿಯೇ ಕಡಿಮೆಯಾಯಿತೋ ಹೇಳಲಾಗದು. ದೂರ ಗೊತ್ತಿದ್ದರೆ ಕಣ್ಣಿಗೆ ಬೀಳದೆ ಹೋದವುಗಳ ಅಂದಾಜನ್ನೂ ಕಟ್ಟಬಹುದು.

ನಂತರ ಒಂದು ಮೀಟರ್ ಉದ್ದಗಲದ ಚೌಕಟ್ಟು ಇಟ್ಟು ಅದರೊಳಗಿನ ಹುಲ್ಲು, ಕಳೆ, ಹಿಕ್ಕೆ ಎಲ್ಲವನ್ನೂ ನೋಡುತ್ತೇನೆ. ಗಂಡು ಚಿಗರಿ ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ತನ್ನ ಮೇರೆ ಗುರುತಿಸುವುದರಿಂದ, ಆ ರಾಶಿಗಳು ಎಲ್ಲಿಂದ ಎಲ್ಲಿಗೆ ಸರಿದಿವೆ ಎಂಬುದು ಬಹಳ ತಿಳಿಸುತ್ತದೆ.

ದಾಖಲೆ ಇಲ್ಲದ ಕಾಲಕ್ಕೆ ಕುರಿಗಾಹಿಗಳೇ ನನ್ನ ಗುರುಗಳು. "ಅಜ್ಜಾ, ಎರೆಭೂತ ನೋಡಿದ್ದೀರಾ?" ಎಂದು ಕೇಳುತ್ತೇನೆ. ಆಮೇಲೆ ಯಾವ ತಿಂಗಳು, ಯಾವ ದಿಕ್ಕು, ಆಗ ಆ ಹೊಲದಲ್ಲಿ ಏನು ಬಿತ್ತಿದ್ದರು ಎಂದು ವಿಚಾರಿಸುತ್ತೇನೆ. ಬೆಳೆಯ ನೆನಪು ಹಿಡಿದುಕೊಂಡರೆ ಹಕ್ಕಿಯ ನೆನಪೂ ಸ್ಪಷ್ಟವಾಗುತ್ತದೆ. ಬೇರೆ ಬೇರೆ ಊರಿನವರ ಮಾತು ಹೊಂದಿದಾಗ ಮಾತ್ರ ಬರೆದುಕೊಳ್ಳುತ್ತೇನೆ.

ಬಯಲನ್ನು ಮರಳಿಸುವ ಮಾತು ಬಂದಾಗ, ನೀಲಗಿರಿ ಕಡಿದರೆ ಸಾಕು ಎಂದುಕೊಳ್ಳುವವರಿದ್ದಾರೆ. ಸಾಲದು. ಬೊಡ್ಡೆ ಮತ್ತೆ ಚಿಗುರುತ್ತದೆ, ತೆರವಾದ ಜಾಗಕ್ಕೆ ಮೊದಲ ಮಳೆಯಲ್ಲೇ ಕಾಂಗ್ರೆಸ್ ಕಳೆ ನುಗ್ಗುತ್ತದೆ. ಬೊಡ್ಡೆ ಕಿತ್ತು, ಕಳೆ ಹೂ ಬಿಡುವ ಮೊದಲೇ ತೆಗೆದು, ಇದೇ ಬಯಲಿನ ಹುಲ್ಲಿನ ಬೀಜ ಚೆಲ್ಲಬೇಕು. ಅದಕ್ಕಾಗಿಯೇ ಪ್ರತಿವರ್ಷ ಮಳೆಗಾಲ ಮುಗಿದು ತೆನೆ ಬಲಿತ ಮೇಲೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಬೀಜ ಕೂಡಿಸುತ್ತೇನೆ.