ಕರೆಯೋದು ಬಿಟ್ಟೆ, ಮಕ್ಕಳು ಬಂದರು

ಎರಡೂವರೆ ವರ್ಷದ ಹಿಂದೆ ನನ್ನ ಸೊಂಟ 98 ಸೆಂಟಿಮೀಟರ್ ಇತ್ತು. ನಮ್ಮ ಕಡೆ ಗಂಡಸರಿಗೆ 90 ದಾಟಬಾರದು ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಮೂರು ತಿಂಗಳ ಸರಾಸರಿ ಸಕ್ಕರೆ (HbA1c) 6.2ವೋ 6.3ವೋ ಬಂದಿತ್ತು. ಇನ್ನೊಂಚೂರು ಏರಿದ್ದರೆ ಮಾತ್ರೆ ಡಬ್ಬಿ ಹಿಡಿದು ನಾನೂ ಅಪ್ಪನ ಪಕ್ಕ ಕೂರಬೇಕಿತ್ತು. ಆದರೂ ನಾನು ಹೆದರಿದ್ದು ಅದಕ್ಕಲ್ಲ, ಕವಲೇದುರ್ಗದಲ್ಲಿ. ಕೋಟೆ ಹತ್ತುವಾಗ ಹತ್ತು ವರ್ಷದ ಮಗ ಅರ್ಧ ದಾರಿಯಲ್ಲೇ ಹಾಸುಗಲ್ಲಿನ ಮೇಲೆ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತೆ. ಅವನನ್ನ ಸಮಾಧಾನ ಮಾಡೋಕಲ್ಲ, ನನಗೂ ಉಸಿರು ಸಿಕ್ಕುತ್ತಿರಲಿಲ್ಲ. ಹೆಂಡತಿ ಫೋಟೊ ತೆಗೆದಳು. ಇಬ್ಬರದ್ದೂ ಒಂದೇ ಭಂಗಿ: ಮಂಡಿ ಮೇಲೆ ಕೈ, ಬಾಯಿ ತೆರೆದಿದೆ, ಅಂಗಿ ಗುಂಡಿ ಹೊಟ್ಟೆ ಹತ್ತಿರ ಎಳೆದುಕೊಂಡಿದೆ. ಇದು ರಕ್ತದಿಂದ ಬಂದಿದ್ದಾ, ನನ್ನನ್ನ ನೋಡಿ ಬಂದಿದ್ದಾ ಅಂತ ಆವತ್ತು ರಾತ್ರಿ ತುಂಬಾ ಹೊತ್ತು ಯೋಚಿಸಿದೆ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ, ದುಡ್ಡು ಸುರಿದೆ. ತೀರ್ಥಹಳ್ಳಿ ಪೇಟೆಯಲ್ಲಿ ಆರು ತಿಂಗಳ ಜಿಮ್ಮಿಗೆ ಐದು ಸಾವಿರದ ಹತ್ತಿರ. ಹೋಗಿದ್ದು ಹದಿನೇಳು ದಿನ. ಅಡಿಕೆ ಕೊನೆ ಕೊಯ್ಲು ಶುರುವಾಯಿತು, ಅಲ್ಲಿಗೆ ಮುಗೀತು. ಮಗನಿಗೆ 14 ಸಾವಿರದ ಗೇರ್ ಸೈಕಲ್. ನಮ್ಮ ಮನೆ ಏರಿಗೆ ಅದನ್ನ ತಳ್ಳಿಕೊಂಡು ಬರೋದೇ ಕೆಲಸ ಆಯಿತು. ಈಗ ಅದು ಕೊಟ್ಟಿಗೆಯಲ್ಲಿದೆ, ಕೋಳಿ ಕೂರುತ್ತವೆ. ಬೇಸಿಗೆ ರಜೆಯಲ್ಲಿ ಶಿವಮೊಗ್ಗದ ನೆಂಟರ ಮನೆಯಲ್ಲಿ ಬಿಟ್ಟು ಈಜು ಕಲಿಸಿದೆ. ಒಂಬತ್ತನೇ ದಿನ ಕಿವಿ ನೋವು ಅಂತ ವಾಪಸ್ ಬಂದ. ಅದೊಂದು ಮೂರು ಸಾವಿರ.

ಎಲ್ಲಕ್ಕಿಂತ ಕೆಟ್ಟದ್ದು ಬೆಳಗ್ಗೆ ಐದೂವರೆಗೆ ಎಬ್ಬಿಸಿದ್ದು. "ಏಳೋ, ಓಡೋಣ" ಅಂದರೆ ಕಂಬಳಿ ಇನ್ನೂ ಮೇಲೆ ಹೋಗುತ್ತಿತ್ತು. ಅಮ್ಮ ಒಳಗಿಂದ, "ಈ ಚಳಿಯಲ್ಲಿ ಮಗೂಗೆ ಎಂಥ ಶಿಕ್ಷೆ ಮಾರಾಯ" ಅನ್ನೋರು. ಎರಡು ವಾರದಲ್ಲಿ ಮಗನಿಗೆ ಓಟ ಅಂದರೆ ಆಗದು, ಅಪ್ಪ ಅಂದರೂ ಆಗದು.

ಜೂನ್ ಬಂತು. ನಮ್ಮ ಮಳೆ ನಿಮಗೆ ಹೇಳೋದು ಬೇಡ. ಓಟ ನಿಂತಿತು. ನಾನೊಬ್ಬನೇ ಜಗಲಿಯಲ್ಲಿ ದಂಡ, ಬಸ್ಕಿ ಶುರು ಮಾಡಿದೆ. ಸಂಜೆ ಆರೂವರೆಗೆ, ಮಕ್ಕಳು ಟಿವಿ ನೋಡೋ ಹೊತ್ತಿಗೆ, ಅವರ ಕಣ್ಣೆದುರೇ. ಬೆಳಗ್ಗೆ ಅವರು ಮಲಗಿದ್ದಾಗ ನಾನು ಎಷ್ಟು ಓಡಿದರೂ ಅವರಿಗೆ ಕಾಣೋದು ತಂತಿ ಮೇಲಿನ ಒದ್ದೆ ಬನಿಯನ್ ಮಾತ್ರ, ಅಲ್ವಾ? ಇನ್ನೊಂದು ತೀರ್ಮಾನ ಮಾಡಿದೆ: ಯಾರನ್ನೂ ಕರೆಯಲ್ಲ. "ನೀನೂ ಮಾಡು" ಅನ್ನೋ ಮಾತು ಬಾಯಿಂದ ಬರಬಾರದು.

ಹೆಂಡತಿ ನಕ್ಕಳು. "ಕರೆದರೇ ಬರದವರು ಸುಮ್ನಿದ್ದರೆ ಬರ್ತಾರೇನ್ರೀ?" ಸೊಸೈಟಿ ಹತ್ತಿರ ಸ್ನೇಹಿತರು, "ತೋಟದ ಕೆಲಸ ಸಾಲದೇನೋ" ಅಂದರು. ತೋಟಕ್ಕೆ ಬೈಕಲ್ಲಿ ಹೋಗ್ತೀವಿ, ಅಡಿಕೆ ಮಿಷನ್ ಸುಲಿಯುತ್ತೆ. ಯಾವ ಕೆಲಸ?

ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಏಳು ವರ್ಷದ ಮಗಳು ಚಕ್ಕುಲಿ ಹಿಡಿದು ಹೊಸ್ತಿಲ ಮೇಲೆ ಕೂತು ಎಣಿಸೋಕೆ ಶುರು ಮಾಡಿದಳು. ಹನ್ನೆರಡಕ್ಕೆ ನಿಲ್ಲಿಸಿ, "ಅಪ್ಪಾ, ಇದು ಲೆಕ್ಕಕ್ಕಿಲ್ಲ, ಸೊಂಟ ಮೇಲೆ ಇದೆ" ಅಂದಳು. ಚಕ್ಕುಲಿ ಪಕ್ಕಕ್ಕಿಟ್ಟು ಮಾಡಿ ತೋರಿಸಿದಳು. ಅವಳ ಸೊಂಟ ನನ್ನದಕ್ಕಿಂತ ಮೇಲಿತ್ತು, ನಾನು ಬಾಯಿ ಬಿಡಲಿಲ್ಲ. ಒಳಗಿಂದ ಮಗ ಬಂದು ಅವಳನ್ನ ತಿದ್ದಿದ. ಅಲ್ಲಿಂದ ಮೂವರಾದೆವು.

ಸಾಮಾನಿಗೆ ಆದ ಖರ್ಚು ಒಟ್ಟು 900 ದಾಟಿಲ್ಲ. ಜಗಲಿ ಕಂಬಗಳ ನಡುವೆ ನೇತಾಡೋಕೆ ಒಂದೂವರೆ ಇಂಚಿನ ಜಿಐ (ಕಬ್ಬಿಣದ) ಪೈಪು, ಎರಡು ಹಗ್ಗ, ಹಿಂಡಿ ಚೀಲದಲ್ಲಿ ಹದಿನೈದು ಕೆಜಿ ಮರಳು. ಮೊದಲ ಪೈಪು ಮುಕ್ಕಾಲು ಇಂಚಿನದ್ದು ಹಾಕಿದ್ದೆ, ಮೂರನೇ ದಿನಕ್ಕೆ ಬಿಲ್ಲಿನ ಹಾಗೆ ಬಗ್ಗಿತು. ತಪ್ಪು ಪೈಪಿನದ್ದಲ್ಲ ಬಿಡಿ.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ನಮಗೆ ವಾರಕ್ಕೆ 150 ನಿಮಿಷ ಮಾಡಿದರೆ ಆಯಿತು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು. ಅಂದರೆ ನನಗಿಂತ ಹೆಚ್ಚುಕಮ್ಮಿ ಮೂರು ಪಟ್ಟು! ಅದಕ್ಕೆ ನಾನು 25 ನಿಮಿಷಕ್ಕೆ ನಿಲ್ಲಿಸಿ ಒಳಗೆ ಹೋಗ್ತೀನಿ, ಹಗ್ಗ ಚೀಲ ಅಲ್ಲೇ ಬಿಟ್ಟು. ಆಮೇಲಿನ ಗಲಾಟೆ ಅವರದ್ದು. ಮಗ ಬರದ ದಿನ ಏನು ಮಾಡ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಅವನೂ ಇದನ್ನ ಓದಬಹುದು.

ಮಧ್ಯೆ ಒಂದಿಷ್ಟು ಪ್ರಯೋಗ ನಡೆದವು. ಒಂದು ಬಸ್ಕಿಗೆ ಒಂದು ನಿಮಿಷ ಮೊಬೈಲ್ ಅಂದೆ. ಭಾನುವಾರ ಮಗ ಒಂದೇ ಸಮ ಇನ್ನೂರು ಚಿಲ್ಲರೆ ಹೊಡೆದ. ಸೋಮವಾರ ಮೆಟ್ಟಿಲು ಇಳಿಯೋಕಾಗಲಿಲ್ಲ, ಎರಡು ದಿನ ಶಾಲೆ ಹೋಯಿತು. ಅಮ್ಮ ನನ್ನ ಜೊತೆ ಮಾತು ಬಿಟ್ಟರು. ಮಳೆಯಲ್ಲಿ ತೋಟದ ಸುತ್ತ ನಡೆಯೋದು ಮಾತ್ರ ಗೆದ್ದಿತು. ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ಪುಡಿ ಹಚ್ಚಿಕೊಂಡು ಹೊರಡೋದು, ಬಂದು ಯಾರಿಗೆ ಎಷ್ಟು ಇಂಬಳ (ಜಿಗಣೆ) ಹತ್ತಿದೆ ಅಂತ ಎಣಿಸೋದು. ಮಗಳ ದಾಖಲೆ ಹನ್ನೊಂದು. ಪೇಟೆಯಿಂದ ಬರುವಾಗ ಪಫ್ಸ್ ತರುತ್ತಿದ್ದವನೂ ನಾನೇ ಅಂತ ತಡವಾಗಿ ಹೊಳೆಯಿತು. ಈಗ ಬೇಯಿಸಿದ ಶೇಂಗಾ. ಹಲಸಿನ ಹಪ್ಪಳ ಬಿಟ್ಟಿಲ್ಲ, ಬಿಡೋದೂ ಇಲ್ಲ.

ಇನ್ನೊಂದು ವಿಷಯ. ಗಂಡಿಲಿಯನ್ನ ಚಕ್ರದ ಮೇಲೆ ಓಡಲು ಬಿಟ್ಟು ಆಮೇಲೆ ಮರಿ ಮಾಡಿಸಿದರೆ, ಮರಿಗಳ ಮೈ ಸಕ್ಕರೆಯನ್ನ ಚೆನ್ನಾಗಿ ನಿಭಾಯಿಸುತ್ತೆ ಅಂತ ಅಮೆರಿಕದಲ್ಲಿ 2018ರಲ್ಲಿ ತೋರಿಸಿದ್ದಾರೆ. ಅದು ಇಲಿಯ ಮಾತು. ನಮ್ಮನೆಯಲ್ಲಿ ಆಗಲೇ ಇಬ್ಬರು ಹುಟ್ಟಿ ಓಡಾಡುತ್ತಿದ್ದರು. ಹೋದ ವರ್ಷ ಮದುವೆಯಾದ ಚಿಕ್ಕಪ್ಪನ ಮಗನಿಗೆ ಹೇಳಿದೆ. ನಾಚಿಕೊಂಡ, ಆದರೆ ಹಗ್ಗ ಕೊಂಡ.

ನನ್ನ ಸೊಂಟ ಈಗ 88-89. ಸಕ್ಕರೆ ಹೋದ ಸಲ 5.6. ಮಗನ ತೂಕ ಇಳಿಸೋಕೆ ಹೋಗಬೇಡಿ, ಎತ್ತರ ಬರಲಿ ಅಂದಿದ್ದರು ಡಾಕ್ಟರು. ಹನ್ನೆರಡು ಸೆಂಟಿಮೀಟರ್ ಬೆಳೆದಿದ್ದಾನೆ, ತೂಕ ಎರಡು ಕೆಜಿಯೂ ಏರಿಲ್ಲ. ಈ ಜನವರಿಯಲ್ಲಿ ಮತ್ತೆ ಕವಲೇದುರ್ಗಕ್ಕೆ ಹೋಗಿದ್ದೆವು. ಹಳೇ ಹಾಸುಗಲ್ಲು ಬಂದಾಗ ನಾನು ಬೇಕಂತಲೇ ನಿಂತೆ. ಅವನು ನಿಲ್ಲಲಿಲ್ಲ, ಮೇಲಿನಿಂದ ನನ್ನ ಫೋಟೊ ತೆಗೆದ.

"ತೋಟದ ಕೆಲಸ ಸಾಲದೇನೋ" ಅಂದವರಲ್ಲಿ ಒಬ್ಬರು ಮೊನ್ನೆ ಮನೆಗೆ ಬಂದಿದ್ದರು. ಕಾಫಿ ಕುಡಿದರು, ಅಡಿಕೆ ರೇಟು ಮಾತಾಡಿದರು. ಹೊರಡುವಾಗ ಪೈಪಿನ ಅಳತೆ ಬರೆದುಕೊಂಡು ಹೋದರು.