ತೋಳಹುಣಸೆಯಿಂದ ಸೈಕಲ್ ಮೇಲೆ: ಯಾವ ತಿಂಗಳಿಗೆ ಯಾವ ದಾರಿ

ಮೊಣಕಾಲು ನೋವಿಗೆ ಡಾಕ್ಟರು ಸೈಕಲ್ ತುಳಿಯಿರಿ ಅಂದರು. ಜಿಮ್‌ನಲ್ಲಿ ನಿಂತಲ್ಲೇ ತಿರುಗುವ ಸೈಕಲ್ ಅವರ ಮನಸ್ಸಿನಲ್ಲಿ ಇತ್ತೇನೋ. ನಾನು ಒಂದು ಹಳೇ ಗೇರ್ ಸೈಕಲ್ ಕೊಂಡು ತಂದೆ. ಆಗ ನನಗೆ 41 ವರ್ಷ. ಇದ್ದದ್ದು ತೋಳಹುಣಸೆಯಲ್ಲಿ. ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಕ್ಯಾಂಪಸ್ ಇಲ್ಲೇ ಇದೆ, ನನ್ನ ಕೆಲಸವೂ ಅಲ್ಲೇ. ಆಫೀಸಿಗೆ ನಡೆದೇ ಹೋಗಬಹುದು. ಹಾಗಾಗಿ ಸೈಕಲ್ ಭಾನುವಾರದ ಸೊತ್ತಾಯಿತು.

ಮೊದಲ ಭಾನುವಾರ ಮೊಬೈಲ್ ಮ್ಯಾಪ್ ನಂಬಿ ಹೆದ್ದಾರಿ 48 ಹಿಡಿದು ಆನಗೋಡಿಗೆ ಹೋದೆ. ಪ್ರತಿ ಲಾರಿ ದಾಟಿದಾಗಲೂ ಗಾಳಿ ಮೊದಲು ಒಳಕ್ಕೆ ಎಳೆಯುತ್ತಿತ್ತು, ಆಮೇಲೆ ಹೊರಕ್ಕೆ ತಳ್ಳುತ್ತಿತ್ತು. ಹೆದ್ದಾರಿಯ ಸವಾರಿ ಅವತ್ತಿಗೇ ಮುಗಿಯಿತು.

ಆಮೇಲೆ ಹಳ್ಳಿ ರಸ್ತೆಗಳು. ಅಲ್ಲಿ ಬೇರೆ ಪಾಠ. ಜೂನ್‌ನಲ್ಲಿ ನುಣುಪಾಗಿದ್ದ ರಸ್ತೆ ಡಿಸೆಂಬರ್‌ನಲ್ಲಿ ರಸ್ತೆಯೇ ಅಲ್ಲ, ಕಣ. ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ. ಕೊಯ್ಲಾದ ಮೇಲೆ ಒಣಗಿಸಲು ಅರ್ಧ ಡಾಂಬರನ್ನು ರೈತರೇ ತೆಗೆದುಕೊಳ್ಳುತ್ತಾರೆ. ಗಾಡಿಗಳು ಕಾಳಿನ ಮೇಲೆ ಹತ್ತದಿರಲಿ ಅಂತ ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಹಗಲಲ್ಲಿ ತೊಂದರೆ ಇಲ್ಲ. ಬೆಳಗಿನ ಜಾವ ಐದೂವರೆಗೆ ಆ ಕಲ್ಲು ಕಾಣುವುದಿಲ್ಲ. ಕೊಡಗನೂರು ದಾರಿಯಲ್ಲಿ ಮುಂದಿನ ಚಕ್ರ ಒಂದು ಕಲ್ಲಿಗೆ ಬಡಿದು ಕಾಳಿನ ರಾಶಿ ಮೇಲೇ ಬಿದ್ದೆ. ಪಕ್ಕದಲ್ಲಿ ಕಂಬಳಿ ಹೊದ್ದು ಕಾವಲು ಮಲಗಿದ್ದ ಅಜ್ಜಿ ಎದ್ದು ಕೂತು, ‘ಏನವ್ವಾ, ಬಸ್ ತಪ್ಪೋತಾ?’ ಅಂದರು. ಮನೆಯಿಂದ ಅರಿಶಿನ ತಂದು ಮೊಣಕೈಗೆ ಮೆತ್ತಿದರು. ಆಮೇಲೆ ಚೆಲ್ಲಿದ ಜೋಳವನ್ನು ನನ್ನ ಕೈಯಿಂದಲೇ ಗುಡ್ಡೆ ಮಾಡಿಸಿದರು. ನ್ಯಾಯವೇ ಅಲ್ವಾ.

ಅವತ್ತಿನಿಂದ ನಾನು ದಾರಿ ಹುಡುಕುವುದು ಮ್ಯಾಪಿನಲ್ಲಿ ಅಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ. ನವೆಂಬರ್, ಡಿಸೆಂಬರ್‌ನಲ್ಲಿ ಬೆಳಕು ಹರಿಯುವ ತನಕ ಹೊರಡುವುದಿಲ್ಲ. ರಾಗಿ, ಹುರುಳಿ ಒಕ್ಕಣೆ ಶುರುವಾದರೆ ಸಣ್ಣ ರಸ್ತೆ ಬಿಟ್ಟು ಬಸ್ ಓಡಾಡುವ ರಸ್ತೆ ಹಿಡಿಯುತ್ತೇನೆ. ಹುರುಳಿ ಬಳ್ಳಿ ಒಮ್ಮೆ ಹಿಂದಿನ ಗೇರಿಗೆ ಸುತ್ತಿಕೊಂಡರೆ ಚಾಕು ಇಲ್ಲದೆ ಬಿಡುವುದಿಲ್ಲ. ಒಂದು ಸಲ ಹಾಗೇ ಸುತ್ತಿ ಗೇರ್ ಬಗ್ಗಿ, ಸೈಕಲ್ಲನ್ನು ಖಾಸಗಿ ಬಸ್ಸಿನ ಟಾಪಿಗೆ ಹಾಕಿ ಮನೆಗೆ ಬಂದಿದ್ದೇನೆ. ಕಂಡಕ್ಟರ್ ನನಗೊಂದು ಟಿಕೆಟ್ ಹರಿದರು, ಸೈಕಲ್ಲಿಗೂ ಒಂದು.

ಬೇಸಿಗೆ ಬಂತೆಂದರೆ ಭದ್ರಾ ನಾಲೆ. ಲಕ್ಕವಳ್ಳಿ ಡ್ಯಾಮಿನಿಂದ ನೀರು ಬಿಟ್ಟರೆ ನಮ್ಮ ಕಡೆ ಭತ್ತದ ನಾಟಿ ಶುರು. ಡ್ಯಾಮಿನ ಮಟ್ಟ 186 ಅಡಿ ಮುಟ್ಟಿತಾ ಅಂತ ಮಳೆಗಾಲದಲ್ಲಿ ಇಡೀ ಊರು ಪೇಪರ್ ನೋಡುತ್ತದೆ. ಈಗ ನಾನೂ ನೋಡುತ್ತೇನೆ, ಸೈಕಲ್ಲಿಗಾಗಿ. ನಾಲೆ ತುಂಬಿ ಹರಿಯುವಾಗ ಏರಿ ಮೇಲಿನ ಮಣ್ಣು ದಾರಿಯಲ್ಲಿ ಏಪ್ರಿಲ್‌ನ ಬೆಳಗ್ಗೆಯೂ ತಂಪು. ಏರು ಇಲ್ಲ, ಲಾರಿ ಇಲ್ಲ, ದಾರಿ ತಪ್ಪುವ ಮಾತೇ ಇಲ್ಲ. ಹೊಸದಾಗಿ ತುಳಿಯುವವರಿಗೆ ನಾನು ಮೊದಲು ಹೇಳುವ ದಾರಿ ಇದೇ. ಮಳೆ ಬಿದ್ದರೆ ಮಾತ್ರ ಆ ಕಡೆ ತಲೆ ಹಾಕಬೇಡಿ. ಸೆಪ್ಟೆಂಬರ್‌ನಲ್ಲಿ ಹೋಗಿ ಕೆಟ್ಟಿದ್ದೇನೆ. ಮಣ್ಣು ಮಡ್‌ಗಾರ್ಡ್ ಒಳಗೆ ಹೊಕ್ಕು ಚಕ್ರ ನಿಂತೇ ಹೋಯಿತು. ಸೈಕಲ್ ಹೆಗಲ ಮೇಲೆ ಹೊತ್ತು ಒಂದೂವರೆ ಕಿಲೋಮೀಟರ್ ನಡೆದೆ. ನಾಟಿ ಸಮಯದಲ್ಲಿ ಗದ್ದೆ ಪಕ್ಕದ ಡಾಂಬರ್ ರಸ್ತೆಯನ್ನೂ ನಂಬುವ ಹಾಗಿಲ್ಲ. ಕೇಜ್ ವೀಲ್, ಅಂದರೆ ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ, ಹಾಕಿದ ಟ್ರ್ಯಾಕ್ಟರ್ ಹಾಗೇ ರಸ್ತೆಗೆ ಹತ್ತಿದರೆ ಡಾಂಬರಿನ ಮೇಲೆ ಉದ್ದಕ್ಕೂ ಹಲ್ಲಿನ ಗುರುತು. ಕೂತವರಿಗೆ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಲೆಕ್ಕ ಗಾಳಿಯದ್ದು. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಜೋರು. ಚಿತ್ರದುರ್ಗದ ಗುಡ್ಡಗಳ ಮೇಲೆ ಸುಮ್ನೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿಲ್ಲ. ಆ ದಿನಗಳಲ್ಲಿ ಹೋಗುವಾಗ ಗಾಳಿಗೆ ಎದುರಾಗಿ ಹರಿಹರಕ್ಕೆ, ಬರುವಾಗ ಗಾಳಿಯೇ ಮನೆಗೆ ತಳ್ಳುತ್ತದೆ. ಉಲ್ಟಾ ಮಾಡಿದರೆ ಸುಸ್ತಾದ ಕಾಲಿನಲ್ಲಿ ಎದುರುಗಾಳಿ ತುಳಿಯಬೇಕು, ಮೊಣಕಾಲು ಮೂರು ದಿನ ಮಾತಾಡುತ್ತದೆ. ಹರಿಹರದಲ್ಲಿ ಹರಿಹರೇಶ್ವರನ ಗುಡಿ ಇದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಅರ್ಧ ಶಿವ, ಅರ್ಧ ವಿಷ್ಣು ಇರುವ ಒಂದೇ ಮೂರ್ತಿ. ಒಳಗಿನ ಕಂಬಗಳು ಕನ್ನಡಿಯ ಹಾಗೆ, ಬೆವರಿದ ಬೆನ್ನಿಗೆ ತಣ್ಣಗೆ. ವಾಪಸ್ ಬರುವಾಗ ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಹಿಡಿದರೆ ಬೆಣ್ಣೆ ದೋಸೆ ತಪ್ಪಿಸಿಕೊಳ್ಳುವುದು ಕಷ್ಟ. ನಾನಂತೂ ಪ್ರಯತ್ನವನ್ನೂ ಮಾಡಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ದಕ್ಷಿಣದ ಸುತ್ತು. ಅದಕ್ಕೆ ಜನವರಿ ಕೊನೆ, ಫೆಬ್ರವರಿ ಸರಿ. ರಸ್ತೆ ಮೇಲಿನ ಕಾಳು ಖಾಲಿಯಾಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ತೋಳಹುಣಸೆಯಿಂದ ರೈಲು ಹಳಿ ಹೋದ ಕಡೆಗೇ ಕೊಡಗನೂರು, ಮಾಯಕೊಂಡ. ಚಿತ್ರದುರ್ಗದ ಒಬ್ಬ ಮದಕರಿ ನಾಯಕ 1748ರಲ್ಲಿ ಯುದ್ಧದಲ್ಲಿ ಮಡಿದದ್ದು ಈ ಮಾಯಕೊಂಡದಲ್ಲಿ. ಒನಕೆ ಓಬವ್ವನ ಕಾಲದ ಮದಕರಿ ಬೇರೆ, ಅವನು ಆಮೇಲೆ ಬಂದವನು. ಈ ಒಂದು ವಿಷಯಕ್ಕೆ ನಾನು ಟೀ ಅಂಗಡಿಗಳಲ್ಲಿ ಎರಡು ಸಲ ಜಗಳ ಆಡಿದ್ದೇನೆ. ಅಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಸಂತೇಬೆನ್ನೂರಿಗೆ ತಿರುಗಬೇಕು.

ಸಂತೇಬೆನ್ನೂರಿನ ಪುಷ್ಕರಣಿ ಮುಂದೆ ಸೈಕಲ್ ನಿಲ್ಲಿಸಿ ಅರ್ಧ ಗಂಟೆ ಕೂರುವುದು ನನ್ನ ರೂಢಿ. ಹದಿನಾರನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನಾಲ್ಕೂ ಕಡೆ ಮೆಟ್ಟಿಲು, ನಡುನೀರಿನಲ್ಲಿ ವಸಂತ ಮಂಟಪ. ಒಂದು ಬದಿಗೆ ಮುಸಾಫಿರ್‌ಖಾನೆ, ಅಂದರೆ ದಾರಿಹೋಕರ ಮನೆ. ಹೆಸರು ನೋಡಿದರೆ ನನ್ನಂಥವರಿಗೇ ಕಟ್ಟಿಸಿದ್ದು ಅನಿಸುತ್ತದೆ. ಕಾಲಲ್ಲಿ ಬಲ ಉಳಿದಿದ್ದರೆ ಅಲ್ಲಿಂದ ಸೂಳೆಕೆರೆ. ಎರಡು ಗುಡ್ಡಗಳ ನಡುವಿನ ಸಂದಿಗೆ ಒಂದು ಚಿಕ್ಕ ಏರಿ ಹಾಕಿ ಅಷ್ಟು ದೊಡ್ಡ ಕೆರೆ ನಿಲ್ಲಿಸಿದ್ದಾರೆ. ಏರಿಯ ಉದ್ದ ಸೈಕಲ್ಲಿಗೆ ಒಂದು ನಿಮಿಷವೂ ಅಲ್ಲ, ನೀರು ಮಾತ್ರ ಕಣ್ಣು ಹೋದಷ್ಟು ದೂರ. ಚಿತ್ರದುರ್ಗ ಪಟ್ಟಣ ಕುಡಿಯುವುದು ಇದೇ ನೀರು. ಸೂಳೆಕೆರೆ ಸೇರಿಸಿದರೆ ಇಡೀ ಸುತ್ತು ಸುಮಾರು 100 ಕಿಲೋಮೀಟರ್. ಅದು ಬೇಡ ಎನಿಸಿದ ದಿನ ಸಂತೇಬೆನ್ನೂರಿನಿಂದಲೇ ಹದಡಿ ಕಡೆ ತಿರುಗಿ ಮನೆ ಸೇರುತ್ತೇನೆ. ಅಡಿಕೆ ತೋಟಗಳ ನೆರಳು ಸಿಕ್ಕಷ್ಟು ಸಿಕ್ಕಿತು.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮುಳ್ಳಿನ ಬಗ್ಗೆ ಮಾತ್ರ ಹೇಳಲೇಬೇಕು. ಬಳ್ಳಾರಿ ಜಾಲಿ ಮುಳ್ಳು ಕೆರೆ ಏರಿ, ನಾಲೆ ಏರಿ ಎಲ್ಲ ಕಡೆ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕಿ, ಗಾಳಿ ಹೊಡೆದು, ಹತ್ತು ನಿಮಿಷಕ್ಕೆ ಮತ್ತೆ ಪುಸ್ ಅಂದರೆ ಮುಳ್ಳಿನ ತುದಿ ಟೈರಿನಲ್ಲೇ ಉಳಿದಿದೆ ಅಂತ ಅರ್ಥ. ಬೆರಳು ಹಾಕಿ ಹುಡುಕಬೇಡಿ, ಚುಚ್ಚುತ್ತದೆ. ಹಳೇ ವೇಲಿನ ತುಂಡನ್ನು ಟೈರಿನ ಒಳಗೆ ಸುತ್ತಲೂ ಎಳೆಯಿರಿ, ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳು ಇರುತ್ತದೆ. ಇನ್ನೊಂದು, ಟ್ಯೂಬ್ ಕೊಳ್ಳುವಾಗ ಬೈಕಿನ ಥರದ ದಪ್ಪ ವಾಲ್ವ್ ಇರುವುದನ್ನೇ ಕೇಳಿ. ಸಣ್ಣ ಕಡ್ಡಿಯಂಥ ವಾಲ್ವ್‌ಗೆ ಹಳ್ಳಿ ಪಂಕ್ಚರ್ ಶಾಪಿನ ಪೈಪ್ ಕೂರುವುದಿಲ್ಲ. ಅಂಗಡಿಯ ಹುಡುಗ ಅದನ್ನು ನೋಡಿ, ‘ಅಕ್ಕಾ, ಇದು ಫಾರಿನ್ನಾ?’ ಅಂತ ಕೇಳಿ ಒಳಗೆ ಹೋಗಿಬಿಟ್ಟ.

ಮೊಣಕಾಲು ಈಗ ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಸ್ವಲ್ಪ ನೋವು.

ಹೋದ ಡಿಸೆಂಬರ್‌ನಲ್ಲಿ ಅದೇ ಕೊಡಗನೂರು ದಾರಿಯಲ್ಲಿ ಬರುತ್ತಿದ್ದೆ. ಜೋಳ ಹರಡಿತ್ತು, ಅಂಚಿಗೆ ಕಲ್ಲೂ ಇತ್ತು. ದೂರದಿಂದಲೇ ಕಂಡಿತು. ಅಜ್ಜಿ ಕಲ್ಲಿಗೆಲ್ಲ ಸುಣ್ಣ ಬಳಿದಿದ್ದರು.